ಮೂರು ಹಲ್ಲಿನ ಹಣಿಗೆ, ಆರು ಮೀಟರ್ ಹಗ್ಗ: ಕಾಣದ ಕಣ್ಣುಗಳನ್ನು ಎಣಿಸಿದ ಕತೆ

ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ನಮ್ಮೂರಲ್ಲಿ ಮನೆಯ ಮಾತು ಕನ್ನಡ, ಬಸ್ಸಿನ ಬೋರ್ಡು ಮರಾಠಿ. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಎರಡೂ ಓದಲು ಬರುತ್ತಿರಲಿಲ್ಲ. ಅಂಥವರ ಕಣ್ಣು ಪರೀಕ್ಷೆ ಮಾಡಲು 'ಇ' ಕಾರ್ಡು ಅಂತ ಒಂದಿದೆ. ಇಂಗ್ಲಿಷಿನ ದಪ್ಪ 'ಇ' ಅಕ್ಷರ, ನೋಡಲು ಮೂರು ಹಲ್ಲಿನ ಹಣಿಗೆಯ ಹಾಗೆ. ಅದನ್ನು ಓದಬೇಕಿಲ್ಲ. ಹಲ್ಲು ಯಾವ ಕಡೆ ಇದೆ ಎಂದು ಕೈ ತೋರಿಸಿದರೆ ಸಾಕು. "ಈ ಕಡಿ ಅದ ನೋಡಪ್ಪಾ" ಎಂದು ಆಯಿ ಕೈ ಚಾಚಿದ್ದು ನನಗೆ ಇನ್ನೂ ನೆನಪಿದೆ.

ಈ ಕಾರ್ಡು, ಆರು ಮೀಟರ್ ಅಳೆಯಲು ಒಂದು ಹಗ್ಗ, ಒಂದು ಟಾರ್ಚು. ಇಂಥವನ್ನು ಹಿಡಿದು ಮನೆಮನೆ ತಿರುಗಿ ಕಣ್ಣು ಕಾಣದವರನ್ನು ಎಣಿಸುವ ಕೆಲಸ ನಮ್ಮ ದೇಶದಲ್ಲಿ ಐವತ್ತು ವರ್ಷದಿಂದ ನಡೆದಿದೆ. ಆಸ್ಪತ್ರೆಯ ರಿಜಿಸ್ಟರ್ ಇದ್ದಾಗ ಇದೇಕೆ ಅನಿಸಬಹುದು. ರಿಜಿಸ್ಟರಿನಲ್ಲಿ ಬಂದವರ ಹೆಸರಷ್ಟೇ ಇರುತ್ತದೆ. "ವಯಸ್ಸಾಯ್ತು, ಇನ್ನೇನು" ಎಂದು ಪಡಸಾಲೆಯಲ್ಲಿ ಕೂತವರ ಹೆಸರು ಅಲ್ಲಿ ಎಲ್ಲಿಂದ ಬರಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1971-74ರಲ್ಲಿ ಸಮೀಕ್ಷೆ ಮಾಡಿದಾಗ ಶೇ. 1.38 ಜನರಿಗೆ ಕಣ್ಣು ಕಾಣುತ್ತಿರಲಿಲ್ಲ. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಊರೂರಲ್ಲಿ ಕಣ್ಣಿನ ಶಿಬಿರಗಳು ನಡೆದವು. ಶಿಬಿರ ಎಂದರೆ ನಮ್ಮ ಕಡೆಯ ಹಿರಿಯರಿಗೆ ಮೊದಲು ನೆನಪಾಗುವುದು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ. ಒಂದೇ ದಿನ 833 ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ, ಆಪರೇಷನ್ ಮಾಡಿ ಗಿನ್ನೆಸ್ ದಾಖಲೆ ಸೇರಿದವರು ಅವರು. ಇಷ್ಟೆಲ್ಲ ಆದ ಮೇಲೂ 1986-89ರ ಸಮೀಕ್ಷೆಯಲ್ಲಿ ಅಂಕಿ ಇಳಿಯಲಿಲ್ಲ. ಶೇ. 1.49ಕ್ಕೆ ಏರಿತು.

ಜನ ಜಾಸ್ತಿ ವರ್ಷ ಬದುಕತೊಡಗಿದ್ದು ಒಂದು ಕಾರಣ. ವಯಸ್ಸಾದವರು ಹೆಚ್ಚಿದಂತೆ ಮೋತಿಬಿಂದುವೂ ಹೆಚ್ಚುತ್ತದೆ. ಇನ್ನೊಂದು ಕಾರಣ ಕೇಳಿದರೆ ಸಂಕಟವಾಗುತ್ತದೆ. ಆಗಿನ ಆಪರೇಷನ್‌ನಲ್ಲಿ ಪೊರೆ ಕಟ್ಟಿದ ಮಸೂರವನ್ನು ತೆಗೆಯುತ್ತಿದ್ದರು. ಅದರ ಜಾಗದಲ್ಲಿ ಬೇರೆ ಮಸೂರ ಕೂರಿಸುತ್ತಿರಲಿಲ್ಲ. ಸೋಡಾ ಬಾಟಲಿಯ ತಳದಂಥ ದಪ್ಪ ಚಸ್ಮಾ ಕೊಟ್ಟು ಕಳಿಸುತ್ತಿದ್ದರು. ಆ ಚಸ್ಮಾ ಒಡೆದ ದಿನ ಅಜ್ಜ ಮತ್ತೆ ಕುರುಡ. ಶಿಬಿರದ ಲೆಕ್ಕದಲ್ಲಿ ಮಾತ್ರ ಅವನು ಗುಣವಾದವನು! ಮನೆಗೇ ಹೋಗಿ ನೋಡಿದಾಗ ಇಂಥವರು ಕಂಡರು. ಮುಂದೆ 1994ರಿಂದ 2002ರವರೆಗೆ ವಿಶ್ವಬ್ಯಾಂಕ್ ನೆರವಿನ ಯೋಜನೆ ಏಳು ರಾಜ್ಯಗಳಲ್ಲಿ ನಡೆಯಿತು. ಕಣ್ಣೊಳಗೇ ಮಸೂರ ಕೂರಿಸುವ ಆಪರೇಷನ್ ಆಗ ಹಳ್ಳಿಯವರಿಗೂ ಸಿಗತೊಡಗಿತು. ಮಹಾರಾಷ್ಟ್ರ ಆ ಏಳರಲ್ಲಿತ್ತು. ಗಡಿಯಾಚೆ ಕರ್ನಾಟಕದ ಆಳಂದ, ಇಂಡಿ ಕಡೆಗೆ ಡೆನ್ಮಾರ್ಕ್ ನೆರವಿನ ಯೋಜನೆ. ಬೀಗರಿಬ್ಬರಿಗೂ ಕಾಯಿಲೆ ಒಂದೇ, ದುಡ್ಡು ಬರುವ ದಾರಿ ಬೇರೆ.

ವಿಶ್ವವಿದ್ಯಾಲಯಗಳ ಪಾತ್ರ ಇಲ್ಲಿ ದೊಡ್ಡದು. ಲಂಡನ್ ವಿಶ್ವವಿದ್ಯಾಲಯದಲ್ಲಿ ಬ್ಯಾರಿ ಜೋನ್ಸ್ ಎಂಬ ನ್ಯೂಜಿಲೆಂಡ್ ಮೂಲದ ಪ್ರೊಫೆಸರ್ 1980ರ ಸುಮಾರಿಗೆ ಇದಕ್ಕೆಂದೇ ಒಂದು ಕೇಂದ್ರ ಕಟ್ಟಿದರು. ಕಣ್ಣು ಹೋದ ಮೇಲೆ ಚಿಕಿತ್ಸೆ ಕೊಡುವುದಕ್ಕಿಂತ ಮೊದಲೇ ತಡೆಯುವುದು ಹೇಗೆ ಎಂಬುದು ಅದರ ಚಿಂತೆ. ದೆಹಲಿಯ ಏಮ್ಸ್‌ನಲ್ಲಿ ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ ಇದೇ ದಾರಿ ಹಿಡಿಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ 1996ರಿಂದ 2000ದವರೆಗೆ ಮಾಡಿದ ಅಧ್ಯಯನ. ಅವರು ಆರಿಸಿದ ಜಾಗಗಳಲ್ಲಿ ಆಗ ಆಂಧ್ರದಲ್ಲಿದ್ದ ಮೆಹಬೂಬ್‌ನಗರ ಜಿಲ್ಲೆಯೂ ಇತ್ತು. ರಾಯಚೂರಿನ ಪಕ್ಕದ್ದು, ಮಕ್ತಲ್ ಕಡೆ ಹೋದರೆ ಕನ್ನಡ ಕೇಳುತ್ತದೆ. ಎಲ್ಲ ವಯಸ್ಸಿನ 10,293 ಜನರನ್ನು ಪೂರ್ತಿ ಪರೀಕ್ಷಿಸಿದರು. ಅಂಧತ್ವ ಶೇ. 1.84 ಎಂದು ಗೊತ್ತಾಯಿತು. ಅದರಲ್ಲಿ ಶೇ. 44ಕ್ಕೆ ಮೋತಿಬಿಂದು ಕಾರಣ. ಶೇ. 16.3 ಬರೀ ಚಸ್ಮಾದ ನಂಬರಿನ ತೊಂದರೆ. ಅಂದರೆ ಒಂದು ಜೊತೆ ಚಸ್ಮಾ ಸಿಗದೆ ಜನ ಕುರುಡರಾಗಿದ್ದರು. ಬಡವರಲ್ಲಿ, ಹಳ್ಳಿಯವರಲ್ಲಿ, ಹೆಂಗಸರಲ್ಲಿ ಈ ಕಷ್ಟ ಹೆಚ್ಚಿತ್ತು. ಹೆಂಗಸರ ವಿಷಯ ನನಗೆ ಆಶ್ಚರ್ಯ ತರಲಿಲ್ಲ. ನಮ್ಮಲ್ಲಿ ಅಜ್ಜನ ಕಣ್ಣಿಗೆ ಮಗ ರಜೆ ಹಾಕುತ್ತಾನೆ, ಆಯಿಯ ಕಣ್ಣು ಸುಗ್ಗಿ ಮುಗಿಯಲಿ ಎಂದು ಕಾಯುತ್ತದೆ.

ಇಷ್ಟು ದೊಡ್ಡ ಅಧ್ಯಯನ ಎಲ್ಲ ಜಿಲ್ಲೆಯಲ್ಲೂ ಆಗದು. ಕಣ್ಣು ಕಳೆದುಕೊಂಡವರಲ್ಲಿ ಬಹುಪಾಲು 50 ದಾಟಿದವರು. ಹಾಗಾಗಿ ಅವರನ್ನಷ್ಟೇ ನೋಡುವ ಚುಟುಕು ಸಮೀಕ್ಷೆ ಬಂತು. ಅದಕ್ಕೂ ಅದೇ ಹಗ್ಗ, ಕಾರ್ಡು, ಟಾರ್ಚು. 2015-19ರಲ್ಲಿ ದೇಶದ 31 ಜಿಲ್ಲೆಗಳಲ್ಲಿ ಹೀಗೆ ನೋಡಿದಾಗ 50 ದಾಟಿದವರ ಅಂಧತ್ವದಲ್ಲಿ ಶೇ. 66.2 ಇನ್ನೂ ಮೋತಿಬಿಂದುವಿನದ್ದೇ ಆಗಿತ್ತು.

ಅದೇ ಸಮೀಕ್ಷೆ ದೇಶದ ಅಂಧತ್ವ ಶೇ. 0.36ಕ್ಕೆ ಇಳಿದಿದೆ ಎಂದಿತು. 2006-07ರಲ್ಲಿ ಅದು ಶೇ. 1 ಇತ್ತು. ಇಳಿದಿರುವುದು ನಿಜ, ಅದರ ಹಿಂದೆ ಸಾವಿರಾರು ವೈದ್ಯರ ದುಡಿಮೆ ಇದೆ. ಆದರೆ 2017ರಲ್ಲಿ ಯಾರು ಅಂಧರು ಎಂದು ಹೇಳುವ ಗೆರೆಯೇ ಬದಲಾಯಿತು ಎಂಬುದನ್ನು ಮರೆಯಬಾರದು. ಅದಕ್ಕೆ ಮೊದಲು ನಮ್ಮ ದೇಶದಲ್ಲಿ ಆರು ಮೀಟರ್ ದೂರದಿಂದ ಬೆರಳು ಎಣಿಸಲಾಗದವರು ಅಂಧರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಮೂರು ಮೀಟರ್. ಬೇರೆ ದೇಶಗಳ ಜೊತೆ ಹೋಲಿಸಲು ಇದು ಬೇಕಿತ್ತು, ಒಪ್ಪುತ್ತೇನೆ. ಆದರೂ ಆಪರೇಷನ್‌ಗೆ ಮೊದಲು ನಮ್ಮ ಆಯಿಗೆ ಬೆರಳು ಕಾಣುತ್ತಿದ್ದದ್ದು ನಾಲ್ಕು ಮೀಟರಿನಿಂದ. ಹಳೆಯ ಲೆಕ್ಕದಲ್ಲಿ ಅವಳು ಅಂಧಳು, ಹೊಸ ಲೆಕ್ಕದಲ್ಲಿ ಅಲ್ಲ. ಆಗ ಅವಳು ಸ್ಟ್ಯಾಂಡಿನಲ್ಲಿ ನಿಂತು, ಎದುರು ಬಂದವರು ಗಂಡಸೋ ಹೆಂಗಸೋ ತಿಳಿಯದೆ, ದನಿ ಕೇಳಿದ ಕಡೆ ತಿರುಗಿ "ಯಪ್ಪಾ, ಇದು ಯಾವ ಊರ ಬಸ್ಸು?" ಎನ್ನುತ್ತಿದ್ದಳು.