ಕದಲದ ಹಡಗಿನ ಮೇಲೆ ಕಣ್ಣಿರಲಿ

ಅಣ್ಣಿಗೇರಿ ಕಡೆಯ ಎರೆ ಹೊಲಗಳ ನಡುವೆ ಸ್ಕೂಟರ್‌ನಲ್ಲಿ ಹೊರಟಿದ್ದೆ. ಮೊಣಕಾಲೆತ್ತರದ ಕಡಲೆ ಬಿಟ್ಟರೆ ಸುತ್ತಲೂ ಬಟಾಬಯಲು. ಎಡಗಡೆ ಅಡ್ಡದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ನನ್ನ ಎಡಗನ್ನಡಿಯ ಪಕ್ಕ ಅಂಟಿಸಿಟ್ಟ ಹಾಗೆ ಕಾಣುತ್ತಿತ್ತು. ಸುಮ್ನೆ ನೋಡಿ ಬಿಟ್ಟೆ. ಕೂಡುದಾರಿಯಲ್ಲಿ ಗಕ್ಕನೆ ಬ್ರೇಕ್ ಒತ್ತಿದಾಗ ಅದರ ಟ್ರೇಲರ್ ನನ್ನ ಮುಂಗಾಲಿಯಿಂದ ಒಂದು ಮೊಳ ದೂರದಲ್ಲಿತ್ತು.

ಫ್ರಾನ್ಸಿನಿಂದ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಮನೆಗೆ ಮರಳುವ ಸಣ್ಣ ಹಾಯಿದೋಣಿಯವರಿಗೂ ಇದೇ ಭಯ. ಡೋವರ್ ಬಳಿ ಅದರ ಅಗಲ ಬರೀ 33 ಕಿ.ಮೀ. ದಿನಕ್ಕೆ 400ಕ್ಕೂ ಜಾಸ್ತಿ ಹಡಗುಗಳ ಓಡಾಟ. ದೋಣಿಯ ವೇಗ ಗಂಟೆಗೆ 9 ಕಿ.ಮೀ. ಇದ್ದರೆ, ಹಡಗಿನದು 30 ದಾಟುತ್ತದೆ.

ನಾವಿಕರು ಹಡಗನ್ನು ದಿಕ್ಸೂಚಿಯಲ್ಲಿ, ಇಲ್ಲವೇ ದೋಣಿಯ ಒಂದು ಕಂಬಿಗೆ ಗುರಿಯಿಟ್ಟು ನೋಡುತ್ತಾರೆ. ಕಂಬಿಯಿಂದ ಹಿಂದೆಯೋ ಮುಂದೆಯೋ ಸರಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅಲ್ಲೇ ನಿಂತು ದೊಡ್ಡದಾಗುತ್ತಿದ್ದರೆ? ಇಬ್ಬರೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಮುಟ್ಟುತ್ತಾರೆ ಅಂತ ಅರ್ಥ. ನಮ್ಮ ಕಣ್ಣು ಅಲ್ಲಾಡುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಮರೆಯುತ್ತದೆ. ಜೊತೆಗೆ ಗಾತ್ರದ ಮೋಸ ಬೇರೆ. 10 ಕಿ.ಮೀ. ದೂರದ ಹಡಗು ಕಣ್ಣಿಗೆ ಇಮ್ಮಡಿಯಾಗಲು ಸುಮಾರು 9 ನಿಮಿಷ ಬೇಕು. ಒಂದು ಕಿ.ಮೀ.ಗೆ ಬಂದ ಮೇಲೆ ಒಂದೇ ನಿಮಿಷ ಸಾಕು.

ಅಲ್ಲಿ 1967ರಿಂದ ಹೋಗಲೊಂದು, ಬರಲೊಂದು ಪಥವಿದೆ. (ನಮ್ಮ ರಸ್ತೆಯ ಹಾಗಲ್ಲ, ಹಡಗುಗಳದ್ದು ಬಲಬದಿ.) ದಾಟುವವರು ದೋಣಿಯ ಮೂತಿಯನ್ನು ಪಥಕ್ಕೆ ನೇರ ಅಡ್ಡಕ್ಕೆ ಇಡಬೇಕು. ಉಬ್ಬರ-ಇಳಿತದ ಸೆಳೆತ ಪಕ್ಕಕ್ಕೆ ಒಯ್ದರೂ ಸರಿಯೇ. ಸೆಳೆತಕ್ಕೆದುರು ಓರೆಯಾಗಿ ಹೊರಟರೆ ಪಥದೊಳಗೆ ಇರುವ ಹೊತ್ತೇ ಹೆಚ್ಚುತ್ತದೆ. ಹಾವೇರಿ ಕಡೆ ತುಂಗಭದ್ರೆಯ ಅಂಬಿಗ ಹರಗೋಲನ್ನು ದಂಡೆಗುಂಟ ಮೇಲಕ್ಕೊಯ್ದು ಆಮೇಲೆ ಹೊಳೆಗೆ ಬಿಡುತ್ತಾನಲ್ಲ, ಅದೇ ಲೆಕ್ಕ. ಆದರೆ ಇಲ್ಲಿ ಹೊಳೆ ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ!

ಎಂಜಿನ್ ಹಡಗು ಹಾಯಿಗೆ ದಾರಿ ಬಿಡಬೇಕು ಅನ್ನುವುದು ಸಾಮಾನ್ಯ ನಿಯಮ. ಆ ಪಥದೊಳಗೆ ಮಾತ್ರ ಸಣ್ಣ ದೋಣಿ ಅಡ್ಡ ಬರುವಂತಿಲ್ಲ. ಕಿಲೋಮೀಟರುಗಟ್ಟಲೆ ಹೋಗಿ ನಿಲ್ಲುವ ಹಡಗಿನೆದುರು ಹಕ್ಕು ಕೇಳಿ ಏನು ಬಂತು, ಅಲ್ವಾ? ಹೊತ್ತಿರುವಾಗಲೇ ಮೂತಿಯನ್ನು ಅದರ ಹಿಂಬದಿಗೆ ತಿರುಗಿಸುತ್ತಾರೆ. ಕಂಬಿಗೆ ಅಂಟಿದ್ದ ಹಡಗು ಆಗ ಮೆಲ್ಲಗೆ ಸರಿಯತೊಡಗುತ್ತದೆ. ನಾನೂ ಅವತ್ತು ಆಕ್ಸಿಲರೇಟರ್ ಸ್ವಲ್ಪ ಬಿಟ್ಟಿದ್ದರೆ ಸಾಕಿತ್ತು, ಟ್ರ್ಯಾಕ್ಟರ್ ಕನ್ನಡಿ ಬಿಟ್ಟು ಮುಂದಕ್ಕೆ ಸರಿದಿರುತ್ತಿತ್ತು.