ಓಟ ಬಿಟ್ಟು ಏಳು ತಿಂಗಳಾಯ್ತು, ಸ್ಪೀಡ್ ವಾಪಸ್ ಬರೋದು ಹೆಂಗ?

ಪ್ರಶ್ನೆ: ಸರ್, ಮೊದ್ಲು 10 ಕಿ.ಮೀ. 55 ನಿಮಿಷಕ್ಕ ಮುಗಸ್ತಿದ್ದೆ. ಮನ್ಯಾಗ ಮದುವಿ, ಆಮ್ಯಾಲ ನೈಟ್ ಡ್ಯೂಟಿ ಅಂತ ಏಳು ತಿಂಗಳು ಬಿಟ್ಟೇಬಿಟ್ಟೆ. ಈಗ ಮೂರು ವಾರದಿಂದ ದಿನಾ 5 ಕಿ.ಮೀ. ಓಡ್ಲತ್ತೀನಿ. 34 ನಿಮಿಷದ ಕೆಳಗ ಇಳೀವಲ್ದು. ದಮ್ ಬರ್ಲತ್ತದ, ಆದ್ರ ಕಾಲು ಭಾರ. ಸ್ಪೀಡ್ ಮೊದಲಿನಂಗ ಆಗ್ಬೇಕಂದ್ರ ಏನ್ ಮಾಡ್ಬೇಕ್ರಿ?
(ಕಲಬುರಗಿಯ ಓದುಗರೊಬ್ಬರು)

ಉತ್ತರ: ‘ದಮ್ ಬರ್ಲತ್ತದ, ಕಾಲು ಭಾರ’ ಅಂದಿರಲ್ಲ, ಅಂದರೆ ಉಸಿರು ಮರಳುತ್ತಿದೆ, ಕಾಲು ಇನ್ನೂ ಇಲ್ಲ. ನಿಮ್ಮ ತೊಂದರೆ ಪೂರ್ತಿ ಅಷ್ಟರಲ್ಲೇ ಇದೆ.

ಓಟ ನಿಂತ ಎರಡು ವಾರದೊಳಗೇ ರಕ್ತದಲ್ಲಿನ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಕಡಿಮೆಯಾಗುತ್ತದೆ. ಹೃದಯ ಒಂದೊಂದು ಬಡಿತಕ್ಕೆ ದೂಡುವ ರಕ್ತ ಇಳಿಯುತ್ತದೆ, ಹಾಗಾಗಿ ಮೊದಲಿನ ವೇಗಕ್ಕೇ ಈಗ ಹೆಚ್ಚು ಬಡಿತ ಬೇಕು. ಸಮಾಧಾನದ ಮಾತೆಂದರೆ, ಇದು ಹೋದಷ್ಟೇ ಬೇಗ ವಾಪಸ್ಸೂ ಬರುತ್ತದೆ. ಮೂರ್ನಾಲ್ಕು ವಾರ ಓಡಿದರೆ ಏದುಸಿರು ಕಡಿಮೆಯಾಗಿದ್ದು ನಿಮಗೇ ಗೊತ್ತಾಗುತ್ತದೆ. ಎಲುಬು ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನ ಲೆಕ್ಕ ಬೇರೆ. ಅವು ಹೊಸ ಭಾರಕ್ಕೆ ಒಗ್ಗಲು ತಿಂಗಳುಗಳೇ ಬೇಕು. ಉಸಿರು ‘ಇನ್ನೂ ಜೋರು ಹೋಗು’ ಅನ್ನುವ ಹೊತ್ತಿಗೆ ಕಣಕಾಲು ಇನ್ನೂ ತಯಾರಾಗಿರುವುದಿಲ್ಲ. ಮರಳಿ ಓಡಲು ಬಂದವರು ಕುಂಟುವುದು ಹೆಚ್ಚಾಗಿ ಈ ನಾಲ್ಕನೇ, ಐದನೇ ವಾರದಲ್ಲೇ.

ನಾನಂತೂ ಅಷ್ಟು ದಿನವೂ ಕಾಯಲಿಲ್ಲ. ಟೈಫಾಯ್ಡ್ ಆಗಿ ನಾಲ್ಕು ತಿಂಗಳು ಮಲಗೆದ್ದ ಮೇಲೆ, ಮೂರನೇ ದಿನಕ್ಕೇ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋದೆ. ಅಲ್ಲಿ ನಸುಕಿನಲ್ಲೇ ಪೊಲೀಸ್ ಭರ್ತಿಗೆ ತಯಾರಿ ಮಾಡುವ ಹುಡುಗರ ದಂಡು. 1600 ಮೀಟರ್, ಅಂದರೆ ನಾಲ್ಕು ರೌಂಡ್, ಆರೂವರೆ ನಿಮಿಷದೊಳಗೆ ಮುಗಿಸಬೇಕು. ಅರ್ಧ ಜನ ಬರಿಗಾಲಲ್ಲಿ, ಒಬ್ಬನ ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್. ‘ಲಾಸ್ಟ್ ರೌಂಡ್, ಬಿಡಬ್ಯಾಡ್ರಲೇ!’ ಅಂತ ಅವನು ಕೂಗಿದ್ದು ಅವರಿಗೆ, ಕಾಲು ಕಿತ್ತದ್ದು ನಾನು. ಕೊನೆಯ ತಿರುವಿನಲ್ಲಿ ಎಡಗಾಲ ಮೀನಖಂಡದಲ್ಲಿ ಯಾರೋ ಹಿಂದಿನಿಂದ ಕಲ್ಲು ಒಗೆದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಆಮೇಲೆ ಐದು ವಾರ ಅಪ್ಪನ ಕೆರೆ ದಂಡೆಯಲ್ಲಿ ವಾಕಿಂಗ್ ಮಾಡುವ ಹಿರಿಯರ ಜೊತೆ ನಾನೂ ಒಬ್ಬ.

ನಿಮ್ಮ ವಿಷಯಕ್ಕೆ ಬರೋಣ. 5 ಕಿ.ಮೀ.ಗೆ 34 ನಿಮಿಷ ಅಂದರೆ ಕಿಲೋಮೀಟರಿಗೆ 6 ನಿಮಿಷ 48 ಸೆಕೆಂಡ್. ಮೊದಲು 10 ಕಿ.ಮೀ. ಓಡುವಾಗ ಕಿಲೋಮೀಟರಿಗೆ ಐದೂವರೆ ನಿಮಿಷ ಇತ್ತು. ನೀವು ಆ ಐದೂವರೆಯನ್ನು ಬೆನ್ನಟ್ಟುತ್ತಾ ದಿನಾ ಪರೀಕ್ಷೆಗೆ ಕೂತಂತೆ ಓಡುತ್ತಿದ್ದೀರಿ ಅಂತ ನನ್ನ ಅಂದಾಜು. ದಿನಾ ಅದೇ ದೂರ, ಅದೇ ಜೋರು. ದಣಿವು ತೀರುವಷ್ಟು ನಿಧಾನವೂ ಇಲ್ಲ, ವೇಗ ಕಲಿಸುವಷ್ಟು ಜೋರೂ ಇಲ್ಲ. ಕಾಲು ಭಾರವಾಗದೆ ಇನ್ನೇನಾದೀತು?

ಹಾಗಾಗಿ ಮೊದಲು ದಿನಾ ಓಡುವುದು ಬಿಡಿ. ವಾರಕ್ಕೆ ನಾಲ್ಕು ದಿನ ಸಾಕು. ಮೊದಲಿಗೆ ನಾಲ್ಕೂ ದಿನ, ಬಾಯಿಪಾಠ ಇರುವ ಒಂದು ವಚನವನ್ನು ನಡುವೆ ಉಸಿರು ಕಟ್ಟದೆ ಪಕ್ಕದವರಿಗೆ ಹೇಳಲಾಗುವಷ್ಟು ನಿಧಾನ. ನಿಮಗೆ ಅದು ಕಿಲೋಮೀಟರಿಗೆ ಏಳೂಕಾಲು, ಏಳೂವರೆ ನಿಮಿಷ ಆಗಬಹುದು. ನಾಚಿಕೆ ಬೇಡ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ತನ್ನ 800 ಮೀಟರ್ ಓಟಗಾರನನ್ನೂ ವಾರಕ್ಕೆ 160 ಕಿ.ಮೀ.ವರೆಗೆ ಓಡಿಸುತ್ತಿದ್ದರು. ಮೊದಲು ದೂರ, ಆಮೇಲೆ ಏರು, ಕೊನೆಗೆ ಟ್ರ್ಯಾಕ್ ಮೇಲಿನ ವೇಗ, ಇದು ಅವರ ಕ್ರಮ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ ಅವರ ಶಿಷ್ಯ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲೂ ಚಿನ್ನ ಗೆದ್ದರು. 160 ನಮ್ಮಂಥವರಿಗಲ್ಲ ಬಿಡಿ, ಆ ಕ್ರಮ ಮಾತ್ರ ನಮಗೂ ಆದೀತು.

ಹಾಗಂತ ವೇಗವನ್ನು ಪೂರ್ತಿ ಮರೆತರೆ ಕಾಲು ಎಳೆದುಕೊಂಡು ಓಡುವುದೇ ರೂಢಿಯಾಗುತ್ತದೆ. ಅದಕ್ಕೆ ‘ಸ್ಟ್ರೈಡ್ಸ್’ ಇವೆ. ವಾರಕ್ಕೆ ಎರಡು ಸಲ, ನಿಧಾನದ ಓಟ ಮುಗಿದ ಮೇಲೆ, ಟ್ರ್ಯಾಕಿನ ನೇರ ಭಾಗದಲ್ಲಿ 80ರಿಂದ 100 ಮೀಟರ್. ಮೊದಲ ಮೂರನೇ ಒಂದು ಭಾಗ ವೇಗ ಏರಿಸುತ್ತಾ, ನಡುವೆ ಜೋರಾಗಿ ಆದರೆ ಹಲ್ಲು ಕಚ್ಚದೆ, ಕೊನೆಗೆ ಮೆಲ್ಲಗೆ ಇಳಿಸುತ್ತಾ. ತಿರುವಿನಲ್ಲಿ ನಡೆದುಕೊಂಡೇ ಬನ್ನಿ, ಉಸಿರು ಪೂರ್ತಿ ತಣ್ಣಗಾಗಲಿ. ಮೊದಲ ವಾರ ನಾಲ್ಕು, ಆಮೇಲೆ ಆರು. ಭುಜ ಕಿವಿಯತ್ತ ಏರಿದ್ದರೆ ನೀವು ಸ್ಪ್ರಿಂಟ್ ಮಾಡುತ್ತಿದ್ದೀರಿ ಅಂತ ಅರ್ಥ, ಇಳಿಸಿ. ಇಷ್ಟು ಚಿಕ್ಕ ಓಟದಲ್ಲಿ ದಣಿವು ಕೂಡುವುದಿಲ್ಲ, ಕಾಲಿಗೆ ಮಾತ್ರ ಹಳೆಯ ಲಯ ನೆನಪಾಗುತ್ತದೆ. ನನ್ನ ಕೇಳಿದರೆ ಮರಳಿ ಬಂದವರಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಇಲ್ಲ.

ಐದಾರು ವಾರ ನೋವಿಲ್ಲದೆ ಕಳೆದರೆ ನಾಲ್ಕನೇ ದಿನವನ್ನು ಬದಲಿಸಿ. ಒಂದು ವಾರ ಏರು: ಸಣ್ಣ ಇಳಿಜಾರು ಸಾಕು, 30 ಸೆಕೆಂಡ್ ಹತ್ತಿ, ನಡೆದು ಇಳಿದು, ಆರು ಸಲ. ಏರಿನಲ್ಲಿ ಪಾದ ನೆಲಕ್ಕೆ ಬಡಿಯುವ ಪೆಟ್ಟು ಕಡಿಮೆ, ತೊಡೆಗೆ ಕೆಲಸ ಹೆಚ್ಚು. ಇನ್ನೊಂದು ವಾರ ಟೆಂಪೊ: ಆರು ನಿಮಿಷದಂತೆ ಮೂರು ಸಲ, ನಡುವೆ ಎರಡು ನಿಮಿಷ ಜಾಗಿಂಗ್. ಒಂದೆರಡು ಶಬ್ದ ಆಡಬಹುದು, ಪೂರ್ತಿ ವಾಕ್ಯ ಆಗದು, ಅಷ್ಟು ಜೋರು. ಹಳೆಯ ವೇಗದ ಲೆಕ್ಕವನ್ನು ಇಲ್ಲಿ ತರಬೇಡಿ. ಇವತ್ತಿನ ಉಸಿರು ಹೇಳಿದ್ದೇ ಲೆಕ್ಕ. ಟ್ರ್ಯಾಕಿನಲ್ಲಿ 400, 1000 ಮೀಟರಿನ ಜೋರು ಇಂಟರ್ವಲ್‌ಗಳಿಗೆ (ಜೋರು ಓಡಿ, ಸುಧಾರಿಸಿಕೊಂಡು, ಮತ್ತೆ ಜೋರು ಓಡುವುದು) ಮೂರನೇ ತಿಂಗಳವರೆಗೆ ಕೈ ಹಾಕದಿರುವುದು ಒಳ್ಳೆಯದು.

ನೆಲದ ಮಾತು. ಪರ್ಸಿ ಕಲ್ಲು ಹಾಸಿದ ಹಾದಿ ಮತ್ತು ಸಿಮೆಂಟ್ ರಸ್ತೆ ಕಣಕಾಲಿಗೆ ಒಂದೇ, ಎರಡೂ ಬಿರುಸು. ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ, ಹೊಲದ ದಾರಿ ಚಳಿಗಾಲದಲ್ಲಿ ಚೆಂದ. ಮಳೆ ಬಿದ್ದರೆ ಒಂದೊಂದು ಬೂಟಿಗೆ ಸೇರುಗಟ್ಟಲೆ ಮಣ್ಣು, ಬೇಸಿಗೆಯಲ್ಲಿ ಬಿರುಕಿಗೆ ಸಿಕ್ಕಿ ಪಾದ ಹೊರಳುತ್ತದೆ. ಬೀದರಿನವರ ಕೆಂಪು ಮಣ್ಣು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು.

ಬಿಸಿಲು ಇನ್ನೂ ಮುಖ್ಯ. ಸೆಖೆಯಲ್ಲಿ ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹೋಗುತ್ತದೆ, ಕಾಲಿಗೆ ಸಿಗುವ ಪಾಲು ಇಳಿಯುತ್ತದೆ, ಎದೆಬಡಿತ ಏರುತ್ತದೆ. ಏಪ್ರಿಲ್, ಮೇನಲ್ಲಿ ಸೂರ್ಯ ಮೂಡುವ ಮೊದಲೇ ನಮ್ಮ ಊರಲ್ಲಿ ಬೆವರು. ಮೈ ಸೆಖೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಒಗ್ಗಿದ ಮೇಲೂ ಚಳಿಗಾಲದ ವೇಗ ಬರುವುದಿಲ್ಲ. ನೀವು ಬಿಡುವ ಮೊದಲಿನ 55 ನಿಮಿಷ ಡಿಸೆಂಬರಿನದಾಗಿದ್ದು, ಈಗಿನ 34 ಬೇಸಿಗೆಯದಾಗಿದ್ದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಓಡಿ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ದುಡ್ಡು ಕೊಟ್ಟು ಪುಡಿ ಪೊಟ್ಟಣ ತರುವ ಅಗತ್ಯ ಇಲ್ಲ.

ಕಣಕಾಲು ನೋಯತೊಡಗಿದರೆ ಎಲುಬಿನ ಒಳ ಅಂಚಿನ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ನೋವು ಒಂದು ಗೇಣು ಹರಡಿದ್ದರೆ, ಓಟ ಅರ್ಧ ಮಾಡಿ, ವೇಗದ ದಿನ ಬಿಟ್ಟು, ಎರಡು ವಾರ ನೋಡಬಹುದು. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತಾದರೆ, ಒಂಟಿ ಕಾಲಲ್ಲಿ ಕುಪ್ಪಳಿಸಿದಾಗ ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬು ಸೀಳಿರುವ ಅನುಮಾನ. ಓಟ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ನೋವು ಬರುವ ಮೊದಲೇ ಮಾಡಬೇಕಾದದ್ದು: ಮನೆಯ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಇಳಿಸುವುದು. ಹದಿನೈದರಂತೆ ಮೂರು ಸಲ, ದಿನ ಬಿಟ್ಟು ದಿನ.

ಎಷ್ಟು ದಿನ ಅಂತ ನೀವು ಕೇಳಿಯೇ ಕೇಳುತ್ತೀರಿ. ಏಳು ತಿಂಗಳ ಬಿಡುವಿಗೆ ನಾನು ಮೂರರಿಂದ ನಾಲ್ಕು ತಿಂಗಳು ಇಟ್ಟುಕೊಳ್ಳುತ್ತೇನೆ. ಅಲ್ಲಿಯವರೆಗೆ ದಿನಾ ಟೈಮ್ ನೋಡಬೇಡಿ. ನಾಲ್ಕು ವಾರಕ್ಕೊಮ್ಮೆ 3 ಕಿ.ಮೀ., ಅಂದರೆ ಏಳೂವರೆ ರೌಂಡ್, ಅದೇ ಟ್ರ್ಯಾಕ್, ಅದೇ ಹೊತ್ತು, ಜೋರಾಗಿ ಓಡಿ ಬರೆದಿಟ್ಟುಕೊಳ್ಳಿ. ಭರ್ತಿ ಹುಡುಗರು ‘ಬರ್ರಿ ಅಣ್ಣಾರ, ಒಂದ್ ರೌಂಡ್ ಹೊಡಿಯೋಣು’ ಅಂತ ಕರೆದರೆ, ಸ್ಟ್ರೈಡ್ಸ್ ಇರುವ ದಿನ 100 ಮೀಟರ್ ಮಾತ್ರ ಹೋಗಿ ಬನ್ನಿ.