ರೇಡಿಯೋ ಪೆಟ್ಟಿಗೆ: ಹಳೆಯದನ್ನೇ ಉಳಿಸೋಣವೋ, ಹೊಸದು ಕಟ್ಟಿಸೋಣವೋ?

ಟ್ರಾನ್ಸಿಸ್ಟರಿಗೂ ಮುಂಚಿನ, ಗಾಜಿನ ವಾಲ್ವ್ ಇರುವ ಹಳೆ ರೇಡಿಯೋ ಸಿಕ್ಕಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಚಾಸಿಸ್ (ಒಳಗಿನ ಭಾಗಗಳು ಕೂರುವ ಲೋಹದ ತಟ್ಟೆ) ಹೊರಗೆಳೆದು ಕೆಪಾಸಿಟರ್ ಬದಲಿಸಲು ಕೂರುತ್ತಾರೆ. ಪೆಟ್ಟಿಗೆಯ ವಿಚಾರ ಕೊನೆಗೆ, ಅದೂ "ಬಡಗಿಗೆ ಕೊಟ್ಟರಾಯ್ತು" ಅನ್ನುವ ಧಾಟಿಯಲ್ಲಿ. ಕೆಪಾಸಿಟರ್ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಇವತ್ತಿಗೂ ಸಿಗುತ್ತದೆ. ಥಾಣೆಯಲ್ಲಿ ಮರ್ಫಿ ರೇಡಿಯೋ ಕಾರ್ಖಾನೆ ನಡೆಯುತ್ತಿದ್ದ ಕಾಲದ ವಿನೀರ್ (ಹಲಗೆಯ ಮೇಲೆ ಅಂಟಿಸುವ ತೆಳು ಮರದ ಹಾಳೆ) ಎಲ್ಲಿಂದ ತರುತ್ತೀರಿ?

ಆದ್ದರಿಂದ ಮೊದಲು ಪೆಟ್ಟಿಗೆ ನೋಡಿ. ಆದರೆ ಇಡೀ ಪೆಟ್ಟಿಗೆಗೆ ಒಂದೇ ಉತ್ತರ ಹುಡುಕಬೇಡಿ. ಒಂದೊಂದು ಹಲಗೆಗೂ ಬೇರೆ ಉತ್ತರ ಬರುತ್ತದೆ. ನನ್ನ ಲೆಕ್ಕದಲ್ಲಿ ಮುಂಭಾಗ ಉಳಿದಿದ್ದರೆ ಪೆಟ್ಟಿಗೆ ಉಳಿದ ಹಾಗೆ. ತಳ, ಹಿಂಬದಿ, ಒಳಗಿನ ಪಟ್ಟಿಗಳು ಹೊಸದಾದರೆ ಅಂಥ ನಷ್ಟವೇನಿಲ್ಲ.

ತಳದಿಂದ ಶುರು ಮಾಡಿ

ಮುಂಬೈಯಲ್ಲಿ ಹಾಳಾಗುವುದು ಸಾಮಾನ್ಯವಾಗಿ ತಳವೇ. ಮಳೆಗಾಲದಲ್ಲಿ ಗೋಡೆಯ ತೇವ ಶೆಲ್ಫಿಗೆ ಬರುತ್ತದೆ, ಶೆಲ್ಫಿನಿಂದ ಪ್ಲೈವುಡ್ಡಿಗೆ. ಪದರ ಬಿಟ್ಟುಕೊಂಡ ತಳವನ್ನು ಅಂಟು ಹಾಕಿ ಉಳಿಸುವ ಹಟ ಬೇಡ. ಭಾರದ ಚಾಸಿಸ್ ಕೂರುವುದು ಅದರ ಮೇಲೇ ಅಲ್ವಾ? ಅಳತೆ ತೆಗೆದು, ಸ್ಕ್ರೂ ತೂತುಗಳನ್ನು ಕಾಗದದ ಮೇಲೆ ಗುರುತು ಮಾಡಿಕೊಂಡು ಹೊಸದು ಹಾಕಿ. ಐಎಸ್ 710 (ಮರೀನ್ ಪ್ಲೈನ ಭಾರತೀಯ ಮಾನಕ) ಮುದ್ರೆ ಇರುವ ಮರೀನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್, ಒಳ್ಳೆಯದು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಮಾತ್ರ ಬೇಡ. ನೀರು ತಾಗಿದರೆ ಅದು ಊದಿಕೊಳ್ಳುತ್ತದೆ, ಆಮೇಲೆ ಮೊದಲಿನ ದಪ್ಪಕ್ಕೆ ಬರುವುದಿಲ್ಲ.

ಸಣ್ಣ ಸಣ್ಣ ತೂತು ಕಂಡ ಮಾತ್ರಕ್ಕೆ ಪೆಟ್ಟಿಗೆ ಎಸೆಯಬೇಡಿ. ಹುಳ ಎಂದೋ ಬಂದು ಹೋಗಿರಬಹುದು. ಪೆಟ್ಟಿಗೆಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ಬಿಡಿ. ಹೊಸ ಪುಡಿ ಉದುರಿದರೆ ಹುಳ ಇನ್ನೂ ಬದುಕಿದೆ, ಔಷಧಿ ಹೊಡೆಯಬೇಕು. ಪುಡಿ ಬೀಳದಿದ್ದರೆ ತೂತಿಗೆ ಮೇಣ ತುಂಬಿದರೆ ಸಾಕು.

ವಿನೀರ್ ಎದ್ದಿದ್ದರೆ

ಉಗುರಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ವಿನೀರ್ ಬಿಟ್ಟಿದೆ ಎಂದರ್ಥ. ಬಹಳಷ್ಟು ಹಳೆ ಪೆಟ್ಟಿಗೆಗಳಲ್ಲಿ ಇಲ್ಲಿನ ಬಡಗಿಗಳು ಸರೇಸ್ ಅನ್ನುವ ಅಂಟು ಇರುತ್ತದೆ, ಚರ್ಮ, ಎಲುಬು ಕುದಿಸಿ ಮಾಡಿದ್ದು. ತೇವಕ್ಕೆ ಬಿಡುವುದು ಅದರ ದೋಷ. ಬಿಸಿ ಮತ್ತು ತೇವ ಕೊಟ್ಟರೆ ಮತ್ತೆ ಹಿಡಿಯುವುದು ಅದರ ಗುಣ. ಒದ್ದೆ ಬಟ್ಟೆ ಹಾಸಿ, ಹೆಚ್ಚು ಬಿಸಿಯಿಲ್ಲದ ಇಸ್ತ್ರಿ ಪೆಟ್ಟಿಗೆ ಆಡಿಸಿ, ಆರುವವರೆಗೆ ಮೇಲೆ ಭಾರ ಇಡಿ. ಮೇಲಿನ ಪಾಲಿಶ್ ಬೆಳ್ಳಗಾಗಬಹುದು. ಪಾಲಿಶ್ ಚೆನ್ನಾಗಿಯೇ ಇದ್ದರೆ ಈ ದಾರಿ ಬೇಡ, ಸಿರಿಂಜಿನಲ್ಲಿ ಒಳಗೆ ಅಂಟು ಬಿಟ್ಟು ಕ್ಲ್ಯಾಂಪ್ ಹಾಕಿ.

ಪಾಲಿಶ್ ಯಾವುದು ಅಂತ ತಿಳಿಯಲು ತಳದ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಹತ್ತಿಗೆ ಸ್ಪಿರಿಟ್ ತಾಗಿಸಿ ಒರೆಸಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ, ಬಹುಮಟ್ಟಿಗೆ ಆಮೇಲೆ ಯಾರೋ ಹೊಡೆದ ಪಿಯು (ಪಾಲಿಯುರೆಥೇನ್) ಪಾಲಿಶ್.

ಕೊಳ್ಳುವಾಗ

ಮುಂಬೈಯ ಹಳೆ ಸಾಮಾನಿನ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಥಳಥಳ ಹೊಳೆಯುವ ಪೆಟ್ಟಿಗೆ ಕಂಡರೆ ಮುಂದೆ ನಿಂತು ನೋಡಬೇಡಿ, ಹಿಂದಕ್ಕೆ ತಿರುಗಿಸಿ. ಟಾರ್ಚ್ ಹಾಕಿ ಒಳಗಿನ ಮೇಲ್ಛಾವಣಿ ನೋಡಿ. ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್, ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್ ಜಾಸ್ತಿ ಕಾಯುತ್ತವೆ. ವರ್ಷಗಟ್ಟಲೆ ಹಾಡಿದ ಸೆಟ್ಟಿನಲ್ಲಿ ಸರಿಯಾಗಿ ಅವುಗಳ ತಲೆಯ ಮೇಲಿನ ಮರ ಕಂದಿರುತ್ತದೆ. ಕಲೆಯೇ ಇಲ್ಲದಿದ್ದರೆ ಪೆಟ್ಟಿಗೆ ಹೊಸದಿರಬಹುದು. ಕಲೆ ಒಂದು ಕಡೆ, ವಾಲ್ವ್ ಇನ್ನೊಂದು ಕಡೆ ಇದ್ದರೆ ಬೇರೆ ರೇಡಿಯೋದ ಚಾಸಿಸ್ ತಂದು ಕೂರಿಸಿದ್ದಾರೆ. ತಳದಲ್ಲಿ ಕೆಲಸಕ್ಕೆ ಬಾರದ ಸ್ಕ್ರೂ ತೂತುಗಳು, ಅಗಲ ಮಾಡಿದ ನಾಬ್ ತೂತು, ಡಯಲ್ ಗಾಜಿಗೂ ಕಿಂಡಿಗೂ ಹೊಂದಾಣಿಕೆ ಇಲ್ಲದಿರುವುದು, ಇವೂ ಅದೇ ಕತೆ ಹೇಳುತ್ತವೆ. ಹೊಸ ಪೆಟ್ಟಿಗೆ ಮಾರುವುದು ತಪ್ಪಲ್ಲ. ಹೊಸದನ್ನು ಹಳೆಯದು ಅಂತ ಹೇಳಿ ಹಳೆಯದರ ಬೆಲೆ ಕೇಳಿದರೆ ಜಗಳ ಆಡಿ.

ಪೂರ್ತಿ ಹೊಸದೇ ಆಗಬೇಕಾದಾಗ

ಮುಂಭಾಗ ಗೆದ್ದಲಿಗೆ ಹೋಗಿದ್ದರೆ ಬೇರೆ ದಾರಿಯಿಲ್ಲ. ಆಗ ಆಳ, ಅಗಲ, ಹಲಗೆಯ ದಪ್ಪ ಹಳೆಯದರಂತೆಯೇ ಇರಲಿ. ಸ್ಪೀಕರಿನ ಮುಂದಿನ ಸದ್ದು ಹಿಂದಿನ ಸದ್ದಿನ ಜೊತೆ ಸೇರಿ ಸಾಯದ ಹಾಗೆ ತಡೆಯುವುದು ಈ ಪೆಟ್ಟಿಗೆಯೇ. ಚಿಕ್ಕದು ಮಾಡಿದರೆ ತಬಲಾದ ಬಾಯಾ (ಎಡಗೈಯ ದಪ್ಪ ಸದ್ದಿನ ಡಗ್ಗಾ) ತೆಳ್ಳಗೆ ಕೇಳುತ್ತದೆ. ದುಂಡು ಮೂಲೆಗಳಿಗೆ ಪ್ಲೈನ ಒಳಮೈಗೆ ಸಾಲಾಗಿ ಗರಗಸದ ಗೀರು ಹಾಕಿ ಬಗ್ಗಿಸಬಹುದು. ಗ್ರಿಲ್ ಬಟ್ಟೆ ತೆಳುವಾಗಿರಲಿ. ಸೋಫಾ ಬಟ್ಟೆ ಹಾಕಿದರೆ ಹಾಡುವವರು ಕಂಬಳಿ ಹೊದ್ದ ಹಾಗಾಗುತ್ತದೆ. ಯಾವುದು ಹೊಸದು, ಯಾವ ವರ್ಷ ಹಾಕಿದ್ದು ಅಂತ ಒಳಗೆ ಪೆನ್ಸಿಲಿನಲ್ಲಿ ಬರೆದಿಡಿ.

ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್ಕಾದ ಬೇಕಲೈಟಿನ ಪೆಟ್ಟಿಗೆಯ ವಿಷಯ ಬೇರೆ. 1907ರಲ್ಲಿ ಲಿಯೋ ಬೇಕಲ್ಯಾಂಡ್ ಕಂಡುಹಿಡಿದ ಈ ವಸ್ತು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಮೇಲಿನ ರಾಳದ ಪದರ ಸವೆದಾಗ ಒಳಗೆ ಬೆರೆಸಿದ ಮರದ ಪುಡಿ ಹೊರಬಿದ್ದು ಮಂಕಾಗುತ್ತದೆ. ಆದ್ದರಿಂದ ಮರಳು ಕಾಗದ ಹಾಕಿ ಉಜ್ಜಬೇಡಿ, ಆ ಧೂಳು ಮೂಗಿಗೂ ಒಳ್ಳೆಯದಲ್ಲ. ಬಿರುಕಿಗೆ ಒಳಗಿನಿಂದ ಎಪಾಕ್ಸಿ ಮತ್ತು ಗ್ಲಾಸ್ ಫೈಬರ್ ಬಟ್ಟೆ ಹಾಕಿ, ಹೊರಗೆ ಗೆರೆ ಕಂಡರೆ ಕಾಣಲಿ. ನಾನಂತೂ ಬೇಕಲೈಟಿನ ನಕಲು ಮಾಡಿಸುವುದಿಲ್ಲ.

ಕೊನೆಯದು ಹಿಂಬದಿ ಹಲಗೆ. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಎಸಿ, ಡಿಸಿ ಎರಡೂ ಕರೆಂಟಿಗೆ ನಡೆಯುವ ಎಸಿ-ಡಿಸಿ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, ಚಾಸಿಸ್ ನೇರವಾಗಿ ಮೇನ್ಸಿಗೆ ಸೇರಿರುತ್ತದೆ. ಮುಟ್ಟಿದರೆ ಶಾಕ್, ಬೆರಳು ಅಲ್ಲಿಗೆ ಹೋಗದ ಹಾಗೆ ತಡೆಯುವುದು ಈ ಹಲಗೆಯೇ. ಹಳೆಯದು ಹರಿದಿದ್ದರೆ ಗಾಳಿಗೆ ಅಷ್ಟೇ ತೂತು ಬಿಟ್ಟು ಹೊಸದು ಹಾಕಿ. ನಾಬಿನ ಸ್ಕ್ರೂ ಕಿಂಡಿಗೂ ಮೇಣ ತುಂಬಿ, ಅಲ್ಲಿಂದಲೂ ಬೆರಳಿಗೆ ಕರೆಂಟ್ ಬರಬಹುದು. ಇಷ್ಟಾಗದೆ ಮಕ್ಕಳಿರುವ ಮನೆಯಲ್ಲಿ ಪ್ಲಗ್ ಚುಚ್ಚಬೇಡಿ.